ತ್ಯಾಗಿಯ ಕೈಯಲ್ಲಿ ಭೂಮಿ: ಮಠದ ಆಸ್ತಿ ಮತ್ತು ಪರಭಾರೆಯ ಅಧಿಕಾರ

ಸರ್ವಸಂಗಪರಿತ್ಯಾಗ ಮಾಡಿದ ಯತಿಗೆ ಆಸ್ತಿ ಇರಬಹುದೆ? ಇರಬಹುದಾದರೆ ಅದು ಯಾರದು? ಅದನ್ನು ಆತ ಮಾರಬಹುದೆ, ಅಡವಿಡಬಹುದೆ, ಶಾಶ್ವತವಾಗಿ ಗೇಣಿಗೆ ಕೊಡಬಹುದೆ? ಆತನ ತರುವಾಯ ಪೀಠಕ್ಕೆ ಬಂದ ಶಿಷ್ಯನನ್ನು ಆ ವ್ಯವಹಾರ ಬಂಧಿಸುತ್ತದೆಯೆ? ನಮ್ಮ ನಾಡಿನ ಮಠಗಳಿಗೆ ಸಂಬಂಧಿಸಿದ ಭೂವ್ಯಾಜ್ಯಗಳಲ್ಲಿ ಬಹುಪಾಲು ಈ ನಾಲ್ಕು ಪ್ರಶ್ನೆಗಳ ಸುತ್ತಲೇ ತಿರುಗಿವೆ. ಇವು ವಕೀಲರಿಗೆ ಮಾತ್ರ ಸೇರಿದ ಪ್ರಶ್ನೆಗಳೆಂದು ಭಾವಿಸುವುದು ಸರಿಯಲ್ಲ. ಪ್ರತಿಯೊಂದು ವ್ಯಾಜ್ಯವೂ ಕೊನೆಗೆ ಒಂದು ಶಾಸನ, ಒಂದು ಸನದು, ಒಂದು ಕಡತ ಅಥವಾ ಒಂದು ಓಲೆಯ ಪಾಠದ ಮೇಲೆ ಬಂದು ನಿಲ್ಲುವುದರಿಂದ ಹಸ್ತಪ್ರತಿಗಳ ಅಭ್ಯಾಸಿಗಳಿಗೂ ಇವುಗಳಲ್ಲಿ ಪಾಲುಂಟು. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಗಳು ನಡೆದುಬಂದ ದಾರಿಯನ್ನು ಸಂಕ್ಷೇಪವಾಗಿ ನಿರೂಪಿಸಿ, ಆ ದಾರಿಯಲ್ಲಿ ದಾಖಲೆಗಳು ವಹಿಸಿದ ಪಾತ್ರವನ್ನು ತೋರಿಸಲು ಯತ್ನಿಸಲಾಗಿದೆ.

ವಿವೇಚನೆಗೆ ಬೀದರ ಜಿಲ್ಲೆಯ ಎರಡು ನೆರೆಯ ಸ್ಥಳಗಳನ್ನು ಆಧಾರವಾಗಿಟ್ಟುಕೊಳ್ಳುವುದು ಅನುಕೂಲ. ಮೊದಲನೆಯದು ಬಸವಕಲ್ಯಾಣ, ಎಂದರೆ ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣ. ಹಿಂದೂ ಆಸ್ತಿನ್ಯಾಯಕ್ಕೆ ಮೂಲಾಧಾರವಾದ ‘ಮಿತಾಕ್ಷರಾ’ ಹುಟ್ಟಿದ್ದು ಇಲ್ಲಿ. ಎರಡನೆಯದು ಹುಮನಾಬಾದಿಗೆ ಹೊಂದಿಕೊಂಡ ಮಾಣಿಕನಗರ. ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ ೧೮೧೭ರಲ್ಲಿ ಜನಿಸಿದ ಶ್ರೀ ಮಾಣಿಕಪ್ರಭುಗಳು ನೆಲೆಸಿ, ೧೮೬೫ರಲ್ಲಿ ಸಮಾಧಿಸ್ಥರಾದ ಕ್ಷೇತ್ರ ಅದು. ಮೊದಲನೆಯ ಸ್ಥಳ ಶಾಸ್ತ್ರವನ್ನು ಕೊಟ್ಟಿತು. ಎರಡನೆಯದು ಆ ಶಾಸ್ತ್ರವನ್ನು ನಿಜಾಮನ ಆಡಳಿತದ ಕಾಗದಪತ್ರಗಳೊಡನೆ ಹೊಂದಿಸಿ ಓದಬೇಕಾದ ಪ್ರದೇಶದ ಮಧ್ಯದಲ್ಲಿದೆ.

೧. ಮಿತಾಕ್ಷರೆಯಲ್ಲಿ ಯತಿಯ ಧನ

ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಳ್ವಿಕೆಯಲ್ಲಿ ಕಲ್ಯಾಣದಲ್ಲಿದ್ದು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದನು. ಗ್ರಂಥಾಂತ್ಯದ ಪದ್ಯಗಳಲ್ಲಿ ಆ ನಗರವನ್ನೂ ಆ ಅರಸನನ್ನೂ ಅವನೇ ಕೊಂಡಾಡಿದ್ದಾನೆ. ಮಿತಾಕ್ಷರೆಯೆಂದರೆ ಪುತ್ರನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಸ್ವತ್ವವುಂಟೆಂಬ ಸಿದ್ಧಾಂತವೆಂದೇ ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಆದರೆ ಅದೇ ದಾಯವಿಭಾಗ ಪ್ರಕರಣದಲ್ಲಿ ವಾನಪ್ರಸ್ಥ, ಯತಿ ಮತ್ತು ಬ್ರಹ್ಮಚಾರಿಗಳ ಧನಕ್ಕೆ ಯಾರು ಹಕ್ಕುದಾರರೆಂಬ ಚರ್ಚೆಯೂ ಇದೆ. ಇದರ ಕಡೆಗೆ ನಮ್ಮ ಗಮನ ಸಾಕಷ್ಟು ಹರಿದಿಲ್ಲ.

ಮೂಲಸ್ಮೃತಿಯು ಆಚಾರ್ಯ, ಸಚ್ಛಿಷ್ಯ ಮತ್ತು ಏಕತೀರ್ಥಿಯಾದ ಧರ್ಮಭ್ರಾತೃ ಎಂಬ ಹಕ್ಕುದಾರರನ್ನು ಹೇಳುತ್ತದೆ. ವಿಜ್ಞಾನೇಶ್ವರನು ಈ ಕ್ರಮವನ್ನು ವಿಲೋಮವಾಗಿ ಅನ್ವಯಿಸಿ, ನೈಷ್ಠಿಕ ಬ್ರಹ್ಮಚಾರಿಯ ಧನ ಆಚಾರ್ಯನಿಗೆ, ಯತಿಯ ಧನ ಸಚ್ಛಿಷ್ಯನಿಗೆ, ವಾನಪ್ರಸ್ಥನ ಧನ ಧರ್ಮಭ್ರಾತೃವಿಗೆ ಸೇರತಕ್ಕದ್ದೆಂದು ನಿರ್ಣಯಿಸುತ್ತಾನೆ. ಸಚ್ಛಿಷ್ಯನೆಂದರೆ ಅಧ್ಯಾತ್ಮಶಾಸ್ತ್ರವನ್ನು ಕೇಳಿ, ಧಾರಣೆ ಮಾಡಿ, ಅದರ ಅರ್ಥವನ್ನು ಆಚರಿಸಬಲ್ಲವನು. ದುರ್ವೃತ್ತನಾದ ಶಿಷ್ಯನಿಗೆ ಆ ಅರ್ಹತೆಯಿಲ್ಲ. ರಕ್ತಸಂಬಂಧಕ್ಕೆ ಇಲ್ಲಿ ಸ್ಥಾನವೇ ಇಲ್ಲವೆಂಬುದು ಗಮನಾರ್ಹ.

ಇದಕ್ಕೂ ಮಿಗಿಲಾದ ಮಾತು ಮುಂದೆ ಬರುತ್ತದೆ. ಬೇರೆ ಆಶ್ರಮವನ್ನು ಪ್ರವೇಶಿಸಿದವನಿಗೆ ಕುಟುಂಬದ ಆಸ್ತಿಯಲ್ಲಿ ಪಾಲಿಲ್ಲ, ಸಂಗ್ರಹವೂ ಆತನಿಗೆ ನಿಷಿದ್ಧ. ಹೀಗಿರಲು ಯತಿಗೆ ಧನವೆಲ್ಲಿಂದ ಬಂದೀತು ಎಂಬ ಆಕ್ಷೇಪವನ್ನು ವ್ಯಾಖ್ಯಾನಕಾರನೇ ಎತ್ತಿಕೊಂಡು ಸಮಾಧಾನ ಹೇಳುತ್ತಾನೆ. ಯತಿಗೆ ಕೌಪೀನವನ್ನು ಮುಚ್ಚುವ ಬಟ್ಟೆಯುಂಟು, ಯೋಗಕ್ಕೆ ಬೇಕಾದ ಸಾಮಗ್ರಿಯುಂಟು, ಪಾದುಕೆಯುಂಟು, ಪುಸ್ತಕಗಳುಂಟು. ಅವೇ ಆತನ ಧನ. ಕಲ್ಯಾಣದ ಈ ಪಂಡಿತನು ಕೊಟ್ಟ ಪಟ್ಟಿಯಲ್ಲಿ ಭೂಮಿ ಇಲ್ಲ. ದಿಗಂಬರ ಮುನಿಗಳಿಗೆ ವಿಹಿತವಾದ ಪಿಂಛ, ಕಮಂಡಲು, ಶಾಸ್ತ್ರ ಎಂಬ ಉಪಕರಣಗಳ ಪಟ್ಟಿಯನ್ನು ಇದರೊಡನೆ ಇಟ್ಟು ನೋಡಿದರೆ ಎರಡರಲ್ಲಿಯೂ ಪುಸ್ತಕಕ್ಕೆ ಸ್ಥಾನವಿರುವುದು, ಎರಡರಲ್ಲಿಯೂ ನೆಲಕ್ಕೆ ಸ್ಥಾನವಿಲ್ಲದಿರುವುದು ಸ್ಪಷ್ಟವಾಗುತ್ತದೆ.

ಕನ್ನಡದ ವ್ಯವಹಾರಪತ್ರಗಳಲ್ಲಿ ಆಸ್ತಿಯನ್ನು ‘ಸ್ಥಾವರ ಜಂಗಮ’ ಎಂದು ಎರಡಾಗಿ ಹೇಳುವ ರೂಢಿಯಿದೆ. ಕಲ್ಯಾಣದ ಶರಣರ ಪರಿಭಾಷೆಯಲ್ಲಿ ಜಂಗಮನೆಂದರೆ ಒಂದೆಡೆ ನಿಲ್ಲದೆ ಸಂಚರಿಸುವ ವಿರಕ್ತ. ಅಂಥ ಜಂಗಮನ ಹೆಸರಿನಲ್ಲಿ ಸ್ಥಾವರ ಸ್ವತ್ತು ದಾಖಲಾದಾಗ ಹುಟ್ಟುವ ತೊಡಕೇ ಮಠಗಳ ಭೂವ್ಯಾಜ್ಯದ ಮೂಲವೆಂದರೆ ತಪ್ಪಾಗದು.

೨. ಶಾಸನಗಳ ಸಾಕ್ಷ್ಯ

ಶಾಸ್ತ್ರದಲ್ಲಿ ಯತಿಗೆ ನೆಲವಿಲ್ಲದಿದ್ದರೂ ಅದೇ ಕಾಲದ ಶಾಸನಗಳಲ್ಲಿ ಆಚಾರ್ಯರ ಕಾಲನ್ನು ತೊಳೆದು ಧಾರಾಪೂರ್ವಕವಾಗಿ ಭೂಮಿಯನ್ನು ಕೊಟ್ಟ ಉಲ್ಲೇಖಗಳು ಯಥೇಚ್ಛವಾಗಿವೆ. ಬಸದಿಗಳಿಗೂ ಶೈವಸ್ಥಾನಗಳಿಗೂ ಸಂಬಂಧಿಸಿದ ಶಾಸನಗಳು ಈ ವಿಷಯದಲ್ಲಿ ಒಂದೇ ಬಗೆಯವು. ಇಲ್ಲಿ ವಿರೋಧವಿದೆಯೆಂದು ತೋರಿದರೂ ಶಾಸನದ ವಾಕ್ಯವನ್ನು ಪೂರ್ತಿಯಾಗಿ ಓದಿದಾಗ ಅದು ಪರಿಹಾರವಾಗುತ್ತದೆ. ದೇವರ ಅಷ್ಟವಿಧಾರ್ಚನೆ ಅಥವಾ ಅಂಗಭೋಗ ರಂಗಭೋಗ, ಖಂಡಸ್ಫುಟಿತ ಜೀರ್ಣೋದ್ಧಾರ, ಋಷಿಯರ ಅಥವಾ ತಪೋಧನರ ಆಹಾರದಾನ, ವಿದ್ಯಾದಾನ ಇತ್ಯಾದಿ ಉದ್ದೇಶಗಳನ್ನು ಹೆಸರಿಸಿಯೇ ದಾನ ನಡೆದಿರುತ್ತದೆ. ಆಚಾರ್ಯನ ಕೈ ದಾನವನ್ನು ಸ್ವೀಕರಿಸುತ್ತದೆ. ದಾನದ ಗುರಿ ಆಚಾರ್ಯನಲ್ಲ. ದತ್ತಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುವನೆಂಬ ಶಾಪವಾಕ್ಯವು ತಾನು ಕೊಟ್ಟದ್ದನ್ನು ಮರಳಿ ಪಡೆಯುವವನಿಗೂ ಅನ್ವಯಿಸುತ್ತದೆ. ಎಂದರೆ ದಾನಿಗೂ ಅದರ ಮೇಲೆ ಅಧಿಕಾರ ಉಳಿಯುವುದಿಲ್ಲ.

ವ್ಯಕ್ತಿಗಳಿಗೆ ಕೊಟ್ಟ ಕೆಲವು ತಾಮ್ರಶಾಸನಗಳಲ್ಲಿ, ವಿಶೇಷವಾಗಿ ವಿಜಯನಗರದ ಕಾಲದವುಗಳಲ್ಲಿ, ದಾನ, ಆಧಿ, ವಿನಿಮಯ ಮತ್ತು ವಿಕ್ರಯಗಳಿಗೆ ಈ ಭೂಮಿ ಯೋಗ್ಯವೆಂದು ಸ್ಪಷ್ಟವಾಗಿ ಹೇಳಿರುವುದುಂಟು. ಮಾರುವ ಅಧಿಕಾರವನ್ನು ಹೀಗೆ ಬಿಡಿಸಿ ಹೇಳುವ ರೂಢಿಯಿದ್ದುದರಿಂದಲೇ, ಹೇಳದೆ ಬಿಟ್ಟ ದತ್ತಿಯನ್ನು ಅದೇ ರೀತಿ ಅರ್ಥೈಸಲಾಗದು. ಪುತ್ರಪೌತ್ರರು ಅನುಭವಿಸತಕ್ಕದ್ದು ಎಂಬಲ್ಲಿ ಶಿಷ್ಯಪ್ರಶಿಷ್ಯರು ಅನುಭವಿಸತಕ್ಕದ್ದು ಎಂದು ಬಂದಾಗ ಪರಂಪರೆಯ ಸ್ವರೂಪವೇ ಬದಲಾಗುತ್ತದೆ. ಮಿತಾಕ್ಷರೆಯಲ್ಲಿಯೂ ಸ್ಥಾವರಕ್ಕೆ ವಿಕ್ರಯವಿಲ್ಲವೆಂಬ ವಚನವನ್ನು ಉದ್ಧರಿಸಿ, ಮಾರಲೇಬೇಕಾದಾಗ ಹಿರಣ್ಯೋದಕವನ್ನು ಕೊಟ್ಟು ದಾನರೂಪದಿಂದ ಮಾರತಕ್ಕದ್ದೆಂದು ವಿವರಿಸಲಾಗಿದೆ. ಕನ್ನಡ ಶಾಸನಗಳಲ್ಲಿ ಬರುವ ‘ಸಹಿರಣ್ಯೋದಕ ದಾನ ಧಾರಾಪೂರ್ವಕ’ ಎಂಬ ಮಾತು ಕೆಲವೆಡೆ ಕ್ರಯವನ್ನೂ ಸೂಚಿಸಬಲ್ಲದೆಂಬುದನ್ನು ಓದುಗರು ಮರೆಯಬಾರದು. ಹಣದ ಮೊತ್ತವನ್ನು ಹೇಳಿದೆಯೆ ಎಂಬುದನ್ನು ನೋಡಿಯೇ ಅರ್ಥ ಮಾಡಬೇಕು.

ಬ್ರಿಟಿಷ್ ನ್ಯಾಯಾಲಯಗಳು ಬರುವುದಕ್ಕೆ ಬಹು ಮುಂಚೆಯೇ ಇಂಥ ವ್ಯಾಜ್ಯವೊಂದನ್ನು ನಮ್ಮ ನಾಡಿನ ಅರಸನೊಬ್ಬನು ತೀರ್ಮಾನಿಸಿದುದಕ್ಕೆ ಶ್ರವಣಬೆಳಗೊಳದ ೧೬೩೪ರ ಶಾಸನ ಸಾಕ್ಷಿಯಾಗಿದೆ. ಬೆಳಗೊಳದ ಸ್ಥಾನಿಕರು ಕಷ್ಟಕ್ಕೆ ಸಿಲುಕಿ ದೇವರ ಸೇವೆಗಾಗಿ ಬಿಟ್ಟಿದ್ದ ಭೂಮಿಗಳನ್ನು ವರ್ತಕರಲ್ಲಿ ಅಡವಿಟ್ಟಿದ್ದರು. ಅಡವು ಬಹುಕಾಲ ಬಿಡುಗಡೆಯಾಗದೆ ಸೇವೆ ಕುಂಠಿತವಾಯಿತು. ಮೈಸೂರಿನ ಚಾಮರಾಜ ಒಡೆಯರು ವಿಚಾರಿಸಿ, ಸಾಲಕೊಟ್ಟವರನ್ನು ಕರೆಯಿಸಿ, ಸಾಲವನ್ನು ತಾವೇ ತೀರಿಸುವುದಾಗಿ ತಿಳಿಸಿದರು. ಆಗ ಸಾಲಗಾರರು ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಅಡವುಪತ್ರಗಳನ್ನು ದೇವರ ಸನ್ನಿಧಿಯಲ್ಲಿ ಬಿಟ್ಟುಕೊಟ್ಟರು. ಮುಂದೆ ಈ ಭೂಮಿಯನ್ನು ಅಡವಿಡುವವರಿಗೂ ಅಡವು ಹಿಡಿಯುವವರಿಗೂ ಸ್ಥಾನಮಾನ್ಯಗಳಲ್ಲಿ ಹಕ್ಕಿಲ್ಲವೆಂದು ಶಾಸನ ವಿಧಿಸುತ್ತದೆ.

ಇಲ್ಲಿ ಎರಡು ಅಂಶಗಳು ಮುಖ್ಯ. ಮೊದಲನೆಯದಾಗಿ, ಅರಸನು ಸಾಲಕೊಟ್ಟವರ ಹಣವನ್ನು ಮುಳುಗಿಸಲಿಲ್ಲ. ಅವರ ಹಕ್ಕನ್ನು ಒಪ್ಪಿ, ತೀರಿಸಲು ಮುಂದಾದನು. ಎರಡನೆಯದಾಗಿ, ಕೊಡುವವನನ್ನು ಮಾತ್ರವಲ್ಲದೆ ಕೊಳ್ಳುವವನನ್ನೂ ನಿಷೇಧಕ್ಕೆ ಒಳಪಡಿಸಿದನು. ದತ್ತಿಭೂಮಿಯೆಂದು ತಿಳಿದೂ ವ್ಯವಹರಿಸಿದವನು ರಕ್ಷಣೆಯನ್ನು ಕೇಳುವಂತಿಲ್ಲವೆಂಬ ನಿಯಮ ಇಲ್ಲಿ ಕಲ್ಲಿನ ಮೇಲೆಯೇ ಕಾಣಿಸುತ್ತದೆ.

೩. ಆವಶ್ಯಕತೆಯ ತತ್ತ್ವ

ಕೋಲ್‌ಬ್ರೂಕ್ ೧೮೧೦ರಲ್ಲಿ ಮಿತಾಕ್ಷರೆಯ ದಾಯಭಾಗವನ್ನು ಇಂಗ್ಲಿಷಿಗೆ ತಂದ ಬಳಿಕ ಕಲ್ಯಾಣದ ಗ್ರಂಥ ಕಲ್ಕತ್ತ, ಮದರಾಸು ಮತ್ತು ಲಂಡನ್ನಿನ ನ್ಯಾಯಪೀಠಗಳ ಮೇಜನ್ನು ಸೇರಿತು. ಆದರೆ ಬಟ್ಟೆ, ಪುಸ್ತಕ, ಪಾದುಕೆಗಳ ಪಟ್ಟಿಯಿಂದ ಸಾವಿರಾರು ಎಕರೆಗಳ ಮಠದ ವ್ಯಾಜ್ಯವನ್ನು ತೀರಿಸಲು ಸಾಧ್ಯವಿರಲಿಲ್ಲ. ನ್ಯಾಯಾಧೀಶರು ಬೇರೊಂದು ದಾರಿಯನ್ನು ಹಿಡಿದರು.

೧೮೫೬ರ ಹನುಮಾನ್‌ಪ್ರಸಾದ್ ಪಾಂಡೆ ಮೊಕದ್ದಮೆಯಲ್ಲಿ, ಅಪ್ರಾಪ್ತ ವಯಸ್ಕನ ಸ್ವತ್ತನ್ನು ನೋಡಿಕೊಳ್ಳುವವರು ಅದನ್ನು ಆವಶ್ಯಕತೆ ಇದ್ದಾಗ ಅಥವಾ ಸ್ವತ್ತಿನ ಹಿತಕ್ಕಾಗಿ ಮಾತ್ರ ಪರಭಾರೆ ಮಾಡಬಹುದೆಂದೂ, ಸಾಲ ಕೊಡುವವನು ಆ ಆವಶ್ಯಕತೆಯನ್ನು ಯುಕ್ತವಾಗಿ ವಿಚಾರಿಸಿರಬೇಕೆಂದೂ ಪ್ರಿವಿ ಕೌನ್ಸಿಲ್ ಹೇಳಿತು. ೧೮೭೫ರ ಪ್ರಸನ್ನಕುಮಾರಿ ದೇವ್ಯಾ ಮೊಕದ್ದಮೆಯಲ್ಲಿ ಇದೇ ತತ್ತ್ವ ದೇವಸ್ವತ್ತಿನ ಶೇಬಾಯತನಿಗೆ, ಎಂದರೆ ದೇವರ ಸೇವೆಯನ್ನೂ ಆಸ್ತಿಯನ್ನೂ ನೋಡಿಕೊಳ್ಳುವವನಿಗೆ, ಅನ್ವಯವಾಯಿತು. ದೇವರು ಶಾಶ್ವತ ಬಾಲಕನಂತೆ, ನಿರ್ವಾಹಕನು ಪೋಷಕನಂತೆ ಎಂಬುದು ಇದರ ಹಿಂದಿನ ಕಲ್ಪನೆ. ೧೯೧೭ರ ಪಳನಿಯಪ್ಪ ಚೆಟ್ಟಿ ಮೊಕದ್ದಮೆಯಲ್ಲಿ ಸ್ವತ್ತಿನ ‘ಹಿತ’ವೆಂದರೇನೆಂಬ ಪ್ರಶ್ನೆ ಬಂದಿತು. ಸ್ವತ್ತು ನಾಶವಾಗದಂತೆ ಕಾಪಾಡುವುದು, ವೈರಿಗಳ ದಾವೆಯಿಂದ ರಕ್ಷಿಸುವುದು, ಪ್ರವಾಹದ ಹಾನಿಯನ್ನು ತಡೆಯುವುದು ಮುಂತಾದವನ್ನು ಉದಾಹರಣೆಯಾಗಿ ಹೇಳಿದ ನ್ಯಾಯಪೀಠ, ಎಂದೆಂದಿಗೂ ಬದಲಾಗದ ಗೇಣಿಗೆ ಶಾಶ್ವತವಾಗಿ ಕೊಡುವುದನ್ನು ಹಿತವೆಂದು ಒಪ್ಪಲಿಲ್ಲ.

೧೯೨೧ರ ವಿದ್ಯಾವಾರುತಿ ತೀರ್ಥ ಮೊಕದ್ದಮೆ ಮಠಗಳ ಮಟ್ಟಿಗೆ ನಿರ್ಣಾಯಕವಾದುದು. ಹಿಂದಿನ ಮಠಾಧಿಪತಿ ಕೊಟ್ಟ ಶಾಶ್ವತ ಗೇಣಿ ಮುಂದಿನವನನ್ನು ಬಂಧಿಸುವುದೆ ಎಂಬುದು ಪ್ರಶ್ನೆ. ತೀರ್ಪನ್ನು ನೀಡಿದ ಅಮೀರ್ ಅಲಿಯವರು ಹಿಂದೂ ಮಠ ಮತ್ತು ಮುಸ್ಲಿಂ ವಕ್ಫ್ ಎರಡರ ಸ್ವರೂಪವನ್ನೂ ಚರ್ಚಿಸಿ, ಮಠಾಧಿಪತಿಯು ಇಂಗ್ಲಿಷ್ ನ್ಯಾಯದ ಅರ್ಥದಲ್ಲಿ ಧರ್ಮದರ್ಶಿಯಲ್ಲ, ಆದರೆ ಒಡೆಯನೂ ಅಲ್ಲ ಎಂದು ನಿರ್ಣಯಿಸಿದರು. ಆವಶ್ಯಕತೆಯಿಲ್ಲದೆ ಕೊಟ್ಟ ಶಾಶ್ವತ ಗೇಣಿ ಕೊಟ್ಟವನ ಅಧಿಕಾರಾವಧಿಯೊಡನೆ ಮುಗಿಯುತ್ತದೆ. ಗೇಣಿದಾರನ ಸ್ವಾಧೀನ ಮಠಕ್ಕೆ ಪ್ರತಿಕೂಲವಾಗುವುದು ಆ ಬಳಿಕವೇ. ಮೂಲಗೇಣಿ ಪದ್ಧತಿ ಬೇರೂರಿದ್ದ ದಕ್ಷಿಣ ಕನ್ನಡದಂಥ ಜಿಲ್ಲೆಗಳಲ್ಲಿ ಇದರ ಪರಿಣಾಮ ಎಷ್ಟೆಂಬುದನ್ನು ಊಹಿಸಬಹುದು. ತಲೆಮಾರುಗಳಿಂದ ತೋಟ ಬೆಳೆಸಿದವನ ಹಕ್ಕು, ಪತ್ರ ಬರೆದುಕೊಟ್ಟ ಸ್ವಾಮಿಯ ಆಯುಸ್ಸನ್ನು ಅವಲಂಬಿಸಬೇಕಾಯಿತು.

ಈ ತೀರ್ಪಿನ ತರುವಾಯ ೧೯೨೯ರಲ್ಲಿ ಕಾಲಪರಿಮಿತಿ ಕಾನೂನನ್ನು ತಿದ್ದುಪಡಿ ಮಾಡಿ, ಹಿಂದಿನ ನಿರ್ವಾಹಕನು ಮಾಡಿದ ಪರಭಾರೆಯನ್ನು ಪ್ರಶ್ನಿಸಲು ಆತನ ಮರಣ, ರಾಜೀನಾಮೆ ಅಥವಾ ಪದಚ್ಯುತಿಯಿಂದ ೧೨ ವರ್ಷಗಳ ಅವಧಿಯನ್ನು ನಿಗದಿ ಮಾಡಲಾಯಿತು. ೧೯೬೩ರ ಕಾಲಪರಿಮಿತಿ ಅಧಿನಿಯಮವೂ ೧೨ ವರ್ಷಗಳ ಅವಧಿಯನ್ನು ಉಳಿಸಿಕೊಂಡಿತು. ಅದರ ಹತ್ತನೆಯ ಪ್ರಕರಣದ ವಿವರಣೆ ಹಿಂದೂ, ಮುಸ್ಲಿಂ ಮತ್ತು ಬೌದ್ಧ ದತ್ತಿಗಳನ್ನು ಹೆಸರಿಸುತ್ತದೆ. ಜೈನ ದತ್ತಿಗಳನ್ನು ಪ್ರತ್ಯೇಕವಾಗಿ ಹೆಸರಿಸುವುದಿಲ್ಲ. ಬೇರೆ ಸಂಪ್ರದಾಯವನ್ನು ಸಿದ್ಧಪಡಿಸದಿದ್ದಲ್ಲಿ ಜೈನರಿಗೂ ಹಿಂದೂ ನ್ಯಾಯವೇ ಅನ್ವಯವೆಂದು ೧೮೭೮ರಲ್ಲಿ ಪ್ರಿವಿ ಕೌನ್ಸಿಲ್ ಹೇಳಿದುದನ್ನು ಇಲ್ಲಿ ನೆನೆಯಬಹುದು. ವಿಶಿಷ್ಟ ಸಂಪ್ರದಾಯವಿದ್ದಲ್ಲಿ ಅದನ್ನು ದಾಖಲೆಗಳಿಂದ ತೋರಿಸುವ ಹೊಣೆ ಆ ಸಮಾಜದ ಮೇಲೆಯೇ ಬಿತ್ತು.

೪. ನಿಜಾಮ ಪ್ರಾಂತದ ಕಾಗದಗಳು

ಪ್ರಿವಿ ಕೌನ್ಸಿಲಿನ ಈ ತೀರ್ಪುಗಳು ಬ್ರಿಟಿಷ್ ಭಾರತದವು. ಮಾಣಿಕನಗರ ಮತ್ತು ಕಲ್ಯಾಣಗಳು ನಿಜಾಮನ ಸೀಮೆಯಲ್ಲಿದ್ದುವು. ಇಲ್ಲಿ ಭೂಹಕ್ಕಿನ ಮೂಲ ‘ಅತಿಯಾತ್’ ಎಂದು ಕರೆಯಲಾಗುತ್ತಿದ್ದ ಸರ್ಕಾರಿ ದತ್ತಿ. ಇನಾಮಿನ ವಿಚಾರಣೆ ನಡೆದು ಹಕ್ಕು ಸ್ಥಿರಪಟ್ಟಾಗ ‘ಮುಂತಖಬ್’ ಎಂಬ ಪತ್ರ ದೊರೆಯುತ್ತಿತ್ತು. ಈ ಪತ್ರಗಳಲ್ಲಿ ಎರಡು ಪಾರಿಭಾಷಿಕ ಶಬ್ದಗಳನ್ನು ಗುರುತಿಸುವುದು ಅತ್ಯಗತ್ಯ. ‘ಮದದ್ ಮಾಷ್’ ಎಂದರೆ ವ್ಯಕ್ತಿಯ ಜೀವನೋಪಾಯಕ್ಕೆ ಕೊಟ್ಟದ್ದು. ‘ಮಷ್ರೂತ್ ಉಲ್ ಖಿದ್ಮತ್’ ಎಂದರೆ ಸೇವೆಯ ಷರತ್ತಿಗೆ ಒಳಪಟ್ಟದ್ದು. ಮೊದಲನೆಯದು ವಂಶಕ್ಕೆ ಹತ್ತಿರ. ಎರಡನೆಯದು ಸೇವೆಗೆ ಹತ್ತಿರ. ಸೇವೆ ನಿಂತರೆ ಅದರ ಆಧಾರವೂ ನಿಲ್ಲುತ್ತದೆ. ಒಂದು ಶಬ್ದದ ಓದಿನಲ್ಲಿ ತಪ್ಪಾದರೆ ಮಾರಬಹುದಾದ ಹೊಲ ಮಾರಲಾಗದ ಹೊಲವಾಗುತ್ತದೆ, ಅಥವಾ ಅದರ ವಿಪರೀತವಾಗುತ್ತದೆ.

ನೆರೆಯ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಇದೇ ಉದ್ದೇಶವನ್ನು ೧೮೬೩ರ ಇನಾಂ ಕಾನೂನು ಸಾಧಿಸಿತು. ದೇವಸ್ಥಾನದ ಇನಾಂ ಭೂಮಿಗಳು ವರ್ಗಾವಣೆಗೆ ಅರ್ಹವಲ್ಲವೆಂದು ಅದು ವಿಧಿಸಿತು. ಹೈದರಾಬಾದ್ ಸಂಸ್ಥಾನ ೧೩೪೯ನೆಯ ಫಸಲಿಯಲ್ಲಿ ಧರ್ಮದತ್ತಿಗಳ ನಿಯಮಾವಳಿಯನ್ನು ಹೊರಡಿಸಿತು. ಫಸಲಿ ವರ್ಷಕ್ಕೆ ೫೯೦ ಅಥವಾ ೫೯೧ ಕೂಡಿಸಿ ಕ್ರಿಸ್ತಶಕವನ್ನು ಪಡೆಯುವ ಅಭ್ಯಾಸ ಈ ಭಾಗದ ದಾಖಲೆಗಳನ್ನು ಓದುವವರಿಗೆ ಇರಬೇಕು.

ಮಾಣಿಕಪ್ರಭು ಸಂಸ್ಥಾನದ ಮಾದರಿಯೂ ವಿಚಾರಾರ್ಹ. ಸಕಲಮತ ಸಂಪ್ರದಾಯವೆಂದು ಪ್ರಸಿದ್ಧವಾದ ಈ ಪರಂಪರೆಯಲ್ಲಿ ಪೀಠಾಧಿಪತ್ಯ ಪ್ರಭುಗಳ ಮನೆತನದಲ್ಲಿಯೇ ನಡೆದುಬಂದಿದೆ. ಸಂನ್ಯಾಸಿಗಳ ಮಠದಲ್ಲಿ ಶಿಷ್ಯಪರಂಪರೆ, ದೇವಾಲಯದಲ್ಲಿ ಅರ್ಚಕ ಅಥವಾ ಸ್ಥಾನಿಕರು, ಇಂಥ ಸಂಸ್ಥಾನಗಳಲ್ಲಿ ಮನೆತನದ ಗುರುಪರಂಪರೆ, ಹೀಗೆ ಮೂರು ಬಗೆ. ಮೂರನೆಯ ಬಗೆಯಲ್ಲಿ ಕಾನೂನಿಗೆ ಒಂದು ಸೂಕ್ಷ್ಮಪ್ರಶ್ನೆ ಸಹಜವಾಗಿ ಹುಟ್ಟುತ್ತದೆ. ಹುಟ್ಟಿನಿಂದ ಸ್ವತ್ವ ಬರುವುದೆಂಬ ಮಿತಾಕ್ಷರೆಯ ನಿಯಮ ಮನೆತನದ ಸ್ವತ್ತಿಗೆ ಅನ್ವಯಿಸುತ್ತದೆ. ಗಾದಿಯ ಸ್ವತ್ತು ವಿಭಾಗಕ್ಕೆ ಒಳಪಡದು. ಆದ್ದರಿಂದ ಯಾವುದು ಮನೆತನದ್ದು, ಯಾವುದು ಗಾದಿಯದು ಎಂಬುದನ್ನು ದಾನಪತ್ರವೇ ಹೇಳಬೇಕು. ಇದು ಯಾವುದೊಂದು ಪೀಠವನ್ನು ಉದ್ದೇಶಿಸಿದ ಮಾತಲ್ಲ, ದೇಶದಾದ್ಯಂತ ಇಂಥ ಪರಂಪರೆಗಳಿಗೆಲ್ಲ ಸಮಾನವಾದುದು.

ಹೈದರಾಬಾದ್ ಭಾರತದೊಡನೆ ಸೇರಿದ ಮೇಲೆ ಪರಿಸ್ಥಿತಿ ತ್ವರಿತವಾಗಿ ಬದಲಾಯಿತು. ೧೯೪೯ರ ಆಗಸ್ಟ್ ೧೫ರಂದು ಜಾಗೀರುಗಳ ರದ್ದತಿ ಜಾರಿಗೆ ಬಂದಿತು. ೧೯೫೨ರಲ್ಲಿ ಅತಿಯಾತ್ ವಿಚಾರಣೆಗಳ ಅಧಿನಿಯಮ, ೧೯೫೪ರಲ್ಲಿ ಇನಾಂ ಮತ್ತು ನಗದು ದತ್ತಿಗಳ ರದ್ದತಿಯ ಅಧಿನಿಯಮ ಬಂದುವು. ಈ ಕೊನೆಯ ಅಧಿನಿಯಮ ಆರಂಭದಲ್ಲಿ ಧಾರ್ಮಿಕ ಸಂಸ್ಥೆಗಳ ಇನಾಮುಗಳನ್ನು ಹೊರಗಿಟ್ಟಿತ್ತು. ೧೯೫೬ರ ನವೆಂಬರ್ ೧ರಂದು ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು.

೫. ಸಂವಿಧಾನ ಮತ್ತು ಶಿರೂರು ಮಠದ ತೀರ್ಪು

ಸಂವಿಧಾನದ ೨೬ನೆಯ ಅನುಚ್ಛೇದ ಧಾರ್ಮಿಕ ಪಂಗಡಗಳಿಗೆ ನಾಲ್ಕು ಹಕ್ಕುಗಳನ್ನು ಕೊಟ್ಟಿದೆ. ಅವುಗಳಲ್ಲಿ ಚರ ಸ್ಥಿರ ಸ್ವತ್ತನ್ನು ಹೊಂದುವ ಮತ್ತು ಆರ್ಜಿಸುವ ಹಕ್ಕು ಒಂದು. ಆ ಸ್ವತ್ತನ್ನು ಕಾನೂನಿಗೆ ಅನುಸಾರವಾಗಿ ಆಡಳಿತ ಮಾಡುವ ಹಕ್ಕು ಇನ್ನೊಂದು. ಕಾನೂನಿಗೆ ಅನುಸಾರವಾಗಿ ಎಂಬ ಮಾತು ಎರಡನೆಯದರಲ್ಲಿ ಮಾತ್ರ ಇರುವುದು ಮುಂದಿನ ಚರ್ಚೆಗಳಿಗೆಲ್ಲ ಕಾರಣವಾಯಿತು.

ಇದರ ಮೊದಲ ಮಹತ್ತ್ವದ ವ್ಯಾಖ್ಯಾನ ಕನ್ನಡನಾಡಿನ ಮಠವೊಂದರಿಂದಲೇ ಬಂದಿತೆಂಬುದು ಸ್ಮರಣೀಯ. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಶ್ರೀ ಲಕ್ಷ್ಮೀಂದ್ರತೀರ್ಥರು ಬಾಲ್ಯದಲ್ಲಿಯೇ ಪೀಠವನ್ನೇರಿದವರು. ಪರ್ಯಾಯದ ಕಾಲದಲ್ಲಿ ಶ್ರೀಕೃಷ್ಣನ ಪೂಜೆಯನ್ನೂ ಬಂದವರ ಅನ್ನಸಂತರ್ಪಣೆಯನ್ನೂ ಮಠವೇ ನಿರ್ವಹಿಸಬೇಕಾದುದರಿಂದ ಸಾಲ ಬೆಳೆಯಿತು. ದತ್ತಿ ಇಲಾಖೆ ಮಠದ ಆಡಳಿತಕ್ಕೆ ವ್ಯವಸ್ಥೆಯೊಂದನ್ನು ರೂಪಿಸಲು ಮುಂದಾದಾಗ ಸ್ವಾಮಿಗಳು ಮದರಾಸು ಉಚ್ಚ ನ್ಯಾಯಾಲಯದ ಮ���ರೆಹೋದರು. ೧೯೫೧ರ ಮದರಾಸು ಹಿಂದೂ ಧರ್ಮದತ್ತಿ ಅಧಿನಿಯಮವೇ ಪ್ರಶ್ನೆಗೆ ಒಳಗಾಯಿತು. ೧೯೫೪ರ ಮಾರ್ಚ್ ೧೬ರಂದು ಸರ್ವೋಚ್ಚ ನ್ಯಾಯಾಲಯದ ಪರವಾಗಿ ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರು ತೀರ್ಪನ್ನು ನೀಡಿದರು. ಮಠಾಧಿಪತಿ ಸಂಬಳದ ವ್ಯವಸ್ಥಾಪಕನಲ್ಲ. ಆತನ ಸ್ಥಾನದಲ್ಲಿ ಅಧಿಕಾರವೂ ಸ್ವತ್ತೂ, ಕರ್ತವ್ಯವೂ ವೈಯಕ್ತಿಕ ಹಿತವೂ ಬೆರೆತುಕೊಂಡಿವೆ. ಧರ್ಮದ ವಿಷಯದಲ್ಲಿ ಪಂಗಡಕ್ಕೆ ಸ್ವಾತಂತ್ರ್ಯವುಂಟು. ಸ್ವತ್ತಿನ ಆಡಳಿತವನ್ನು ಶಾಸನಸಭೆ ನಿಯಂತ್ರಿಸಬಹುದು. ಈ ತತ್ತ್ವದ ಮೇರೆಗೆ ಅಧಿನಿಯಮದ ಹಲವು ಪ್ರಕರಣಗಳು, ಸಂಸ್ಥೆಗಳಿಂದ ವಸೂಲು ಮಾಡುವ ವಂತಿಗೆಯ ಪ್ರಕರಣವೂ ಸೇರಿ, ಅಸಿಂಧುವಾದುವು.

ಎರಡು ದಿನಗಳ ಬಳಿಕ, ಮಾರ್ಚ್ ೧೮ರಂದು, ರತಿಲಾಲ್ ಪಾನಾಚಂದ್ ಗಾಂಧಿ ಮೊಕದ್ದಮೆಯ ತೀರ್ಪು ಬಂದಿತು. ಇದರಲ್ಲಿ ಅರ್ಜಿದಾರರು ಜೈನ ದೇವಾಲಯವೊಂದರ ನಿರ್ವಾಹಕರು. ೧೯೫೦ರ ಮುಂಬಯಿ ಸಾರ್ವಜನಿಕ ನ್ಯಾಸಗಳ ಅಧಿನಿಯಮ ವಿವಾದದ ವಿಷಯ. ಆಡಳಿತವನ್ನು ನಿಯಂತ್ರಿಸಬಹುದೇ ಹೊರತು ಪಂಗಡದ ಕೈಯಿಂದ ಪೂರ್ತಿಯಾಗಿ ಕಿತ್ತು ಬೇರೆಯವರಿಗೆ ಒಪ್ಪಿಸಲಾಗದು ಎಂದು ನ್ಯಾಯಾಲಯ ಹೇಳಿತು. ಅದೇ ಅಧಿನಿಯಮದ ೩೬ನೆಯ ಪ್ರಕರಣದ ಪ್ರಕಾರ ನ್ಯಾಸದ ಸ್ಥಿರಾಸ್ತಿಯ ಮಾರಾಟ, ಅಡಮಾನ, ವಿನಿಮಯ, ದಾನಗಳಿಗೂ, ಕೃಷಿಭೂಮಿಯನ್ನು ೧೦ ವರ್ಷಗಳಿಗೆ ಮೀರಿ ಗೇಣಿಗೆ ಕೊಡುವುದಕ್ಕೂ ಪೂರ್ವಾನುಮತಿ ಬೇಕು. ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ರಾಜ್ಯದಲ್ಲಿದ್ದುದರಿಂದ ನಮ್ಮ ಅನೇಕ ಬಸದಿಗಳೂ ಮಠಗಳೂ ಈ ನಿಯಮದ ಪರಿಧಿಗೆ ಬಂದುವು.

ಸ್ವತ್ತನ್ನು ಹೊಂದುವ ಹಕ್ಕು ಸರ್ಕಾರದ ಸ್ವಾಧೀನಾಧಿಕಾರಕ್ಕೆ ತಡೆಯಾಗದೆಂಬುದು ೧೯೭೦ರ ಖಾಜಾಮಿಯಾನ್ ವಕ್ಫ್ ಮೊಕದ್ದಮೆಯಲ್ಲಿಯೂ, ತರುವಾಯ ಗುಜರಾತಿನ ಆಚಾರ್ಯ ನರೇಂದ್ರಪ್ರಸಾದಜಿ ಮೊಕದ್ದಮೆಯಲ್ಲಿಯೂ ಸ್ಪಷ್ಟವಾಯಿತು. ಕರ್ನಾಟಕದಲ್ಲಿ ೧೯೭೪ರ ಮಾರ್ಚ್ ೧ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ ಗೇಣಿಯಲ್ಲಿದ್ದ ಮಠದ ಭೂಮಿಗಳು ಸರ್ಕಾರದಲ್ಲಿ ನಿಹಿತವಾಗಿ, ನಮೂನೆ ೭ನ್ನು ಸಲ್ಲಿಸಿದ ಗೇಣಿದಾರರ ಅರ್ಜಿಗಳು ಭೂನ್ಯಾಯಮಂಡಳಿಗಳ ಮುಂದೆ ಬಂದುವು. ಸಂಸ್ಥೆಗಳಿಗೆ ವರ್ಷಾಶನದ ರೂಪದ ಪರಿಹಾರ ಗೊತ್ತಾಯಿತು. ೧೯೭೭ರ ಕೆಲವು ಇನಾಂಗಳ ರದ್ದತಿ ಅಧಿನಿಯಮ ಉಳಿದ ಇನಾಮುಗಳ ಕಡೆಗೆ ತಿರುಗಿತು. ಮಠದ ಕಡೆಯಿಂದ ನೋಡಿದರೆ ಇದು ದಾನಿಯ ಸಂಕಲ್ಪದ ಭಂಗ. ಉಳುವವನ ಕಡೆಯಿಂದ ನೋಡಿದರೆ, ತನ್ನ ತಾತಂದಿರು ಬೆವರು ಸುರಿಸಿದ ನೆಲದಲ್ಲಿ ಸ್ವಾಮಿಯ ಆಯುಸ್ಸಿಗೂ ಪತ್ರದ ಶಬ್ದಕ್ಕೂ ಕಟ್ಟುಬೀಳದ ಹಕ್ಕು ಮೊದಲ ಬಾರಿಗೆ ದೊರೆತ ಗಳಿಗೆ. ಎರಡೂ ಸತ್ಯ. ಧಾರ್ಮಿಕ ಸಂಸ್ಥೆಗಳು ಕೃಷಿಭೂಮಿಯನ್ನು ಹೊಂದದಂತೆ ಕೆಲವು ವಿನಾಯಿತಿಗಳೊಡನೆ ತಡೆದಿದ್ದ ೭೯-ಬಿ ಪ್ರಕರಣವನ್ನು ೨೦೨೦ರಲ್ಲಿ ತೆಗೆದುಹಾಕಲಾಯಿತು.

೧೯೯೭ರಲ್ಲಿ ರಚಿತವಾಗಿ ೨೦೦೩ರಲ್ಲಿ ಜಾರಿಗೆ ಬಂದ ಕರ್ನಾಟಕದ ಧರ್ಮದತ್ತಿ ಅಧಿನಿಯಮ ಮಠಗಳನ್ನೂ ಅವುಗಳಿಗೆ ಸೇರಿದ ದೇವಾಲಯಗಳನ್ನೂ ಹೊರಗಿಟ್ಟಿತು. ಇದರಿಂದ ಒಂದು ಸಂಸ್ಥೆ ಮಠವೋ ದೇವಾಲಯವೋ ಎಂಬುದೇ ವ್ಯಾಜ್ಯದ ವಸ್ತುವಾಗುವ ಸಂದರ್ಭ ಒದಗಿತು. ಸಾರ್ವಜನಿಕ ಧರ್ಮದತ್ತಿಯ ಸ್ವತ್ತನ್ನು ಮಾರುವುದಕ್ಕೆ ಅಥವಾ ಅಡವಿಡುವುದಕ್ಕೆ ಅಧಿಕಾರ ಕೊಡಬಲ್ಲ ಶಕ್ತಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ೯೨ನೆಯ ಪ್ರಕರಣದ ಮೇರೆಗೆ ನ್ಯಾಯಾಲಯಕ್ಕಿದೆ.

೬. ಹಸ್ತಪ್ರತಿಗಳ ಅಭ್ಯಾಸಿಯ ಹೊಣೆ

ಮೇಲಿನ ನಿರೂಪಣೆಯಿಂದ ಹೊರಡುವ ತಾತ್ಪರ್ಯ ಇಷ್ಟು. ಮಠದ ಮುಖ್ಯಸ್ಥನಿಗೆ ಭೂಮಿಯ ಮೇಲಿರುವುದು ಒಡೆತನವಲ್ಲ, ಉದ್ದೇಶಬದ್ಧವಾದ ಅಧಿಕಾರ. ಆ ಉದ್ದೇಶವನ್ನು ಹೇಳುವುದು ದಾಖಲೆ. ಆದ್ದರಿಂದ ದಾಖಲೆಯ ಸರಿಯಾದ ಓದಿನಲ್ಲಿ ಮಠದ ಅಳಿವು ಉಳಿವೂ ಸೇರಿದೆ, ಉಳುವವನ ಬದುಕೂ ಸೇರಿದೆ.

ಈ ಭಾಗದ ಮಠಗಳ ಕಟ್ಟುಗಳಲ್ಲಿ ಕನ್ನಡದ ಜೊತೆಗೆ ಮೋಡಿ ಲಿಪಿಯ ಮರಾಠಿ, ಪಾರಸಿ, ಉರ್ದು ಕಾಗದಗಳೂ ದೊರೆಯುತ್ತವೆ. ಸಾಹಿತ್ಯಕೃತಿಯನ್ನು ಮಾತ್ರ ಆಯ್ದುಕೊಂಡು ಲೆಕ್ಕಪತ್ರ, ಗೇಣಿಚೀಟಿ, ಸನದಿನ ನಕಲುಗಳನ್ನು ಬದಿಗೆ ಸರಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಗ್ರಂಥಗಳ ನಡುವೆ ಸಿಕ್ಕಿಸಿಟ್ಟ ಒಂದು ಅಡವುಚೀಟಿ ಒಂದು ಊರಿನ ಹಕ್ಕನ್ನು ಹೇಳುತ್ತಿರಬಹುದು.

ಸಂಗ್ರಾಹಕರು ಗಮನಿಸಬೇಕಾದ ನ್ಯಾಯಸೂಕ್ಷ್ಮವೊಂದಿದೆ. ೧೮೭೨ರ ಸಾಕ್ಷ್ಯ ಅಧಿನಿಯಮದ ೯೦ನೆಯ ಪ್ರಕರಣದ ಪ್ರಕಾರ ೩೦ ವರ್ಷಗಳಿಗಿಂತ ಹಳೆಯ ದಾಖಲೆಯ ಕೈಬರಹ, ರುಜುಗಳನ್ನು ನ್ಯಾಯಾಲಯ ನಿಜವೆಂದು ಭಾವಿಸಬಹುದು; ಆದರೆ ಅದು ಯುಕ್ತವಾದ ವಶದಿಂದ ಹಾಜರಾಗಿರಬೇಕು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ನಿಯಮ ಉಳಿದಿದೆ. ಮಠದ ಪೆಟ್ಟಿಗೆಯಿಂದ ಸನದೊಂದನ್ನು ತಂದು, ಎಲ್ಲಿಂದ, ಯಾರ ಒಪ್ಪಿಗೆಯಿಂದ, ಯಾವ ದಿನ ಎಂಬುದನ್ನು ನಮೂದಿಸದೆ ಭಂಡಾರಕ್ಕೆ ಸೇರಿಸಿದರೆ, ವಿದ್ವಾಂಸನಿಗೆ ಅದು ಉಳಿದರೂ ನ್ಯಾಯಾಲಯದಲ್ಲಿ ಅದರ ಬಲ ಕುಂದಬಹುದು. ಆದುದರಿಂದ ಪ್ರತಿಯೊಂದು ಕಟ್ಟಿನ ಮೂಲಸ್ಥಾನ, ಜೊತೆಗಿದ್ದ ಇತರ ಕಾಗದಗಳ ಕ್ರಮ, ತಂದ ದಿನಾಂಕಗಳನ್ನು ಸೂಚಿಯಲ್ಲಿ ಬರೆದಿಡತಕ್ಕದ್ದು. ಸಾಧ್ಯವಿದ್ದಲ್ಲಿ ಮೂಲವನ್ನು ಅಲ್ಲಿಯೇ ಬಿಟ್ಟು ಪ್ರತಿಕೃತಿಯನ್ನು ಮಾತ್ರ ತರುವುದು ಉತ್ತಮ.

ಓದುವಾಗಲೂ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ದಾನ ವ್ಯಕ್ತಿಗೋ, ದೇವರಿಗೋ, ಪೀಠಕ್ಕೋ? ಕೊಟ್ಟದ್ದು ನೆಲವೋ, ನೆಲದ ಕಂದಾಯವೋ? ಸೇವೆಯ ಷರತ್ತು ಇದೆಯೆ? ಪರಂಪರೆ ಪುತ್ರರದೋ ಶಿಷ್ಯರದೋ? ವಿಕ್ರಯದ ಮಾತು ದಾನಿಯ ಸಂಕಲ್ಪವೋ, ಲಿಪಿಕಾರನ ಅಭ್ಯಾಸಬಲದಿಂದ ಬಂದ ಸಿದ್ಧವಾಕ್ಯವೋ? ಈ ಪ್ರಶ್ನೆಗಳಿಗೆ ಪಕ್ಷಪಾತವಿಲ್ಲದೆ ಉತ್ತರ ಹುಡುಕುವುದು ಪಾಠಶೋಧಕನ ಧರ್ಮ. ಮಠಕ್ಕೆ ಅನುಕೂಲವಾಗಲೆಂದು ಶಬ್ದವನ್ನು ಎಳೆಯುವುದೂ ಪ್ರತಿಕೂಲವಾಗಲೆಂದು ಮುಚ್ಚುವುದೂ ಸಮಾನದೋಷಗಳು.

ಕಲ್ಯಾಣದ ವಿಜ್ಞಾನೇಶ್ವರನು ಸ್ವತ್ವವು ಶಾಸ್ತ್ರದಿಂದಲ್ಲ, ಲೋಕವ್ಯವಹಾರದಿಂದ ಸಿದ್ಧವಾಗುವುದೆಂದು ವಾದಿಸಿದನು. ಆ ಲೋಕವ್ಯವಹಾರ ನಮಗೆ ತಲುಪುವುದು ಬರೆಹದ ಮೂಲಕ. ಯತಿಗೆ ಆತನು ಅನುಮತಿಸಿದ ಸ್ವಲ್ಪ ಧನದಲ್ಲಿ ಪುಸ್ತಕವೂ ಒಂದಾಗಿತ್ತು. ಮಠಗಳ ಹೆಸರಿನ ಭೂಮಿಯಲ್ಲಿ ಬಹುಭಾಗ ಇಂದು ಕೈಬದಲಾಗಿದೆ. ಕಪಾಟುಗಳಲ್ಲಿ ಉಳಿದ ಕಟ್ಟುಗಳು ಆ ಭೂಮಿ ಯಾರಿಗಾಗಿ, ಯಾವ ಕಾರ್ಯಕ್ಕಾಗಿ ಬಿಡಲ್ಪಟ್ಟಿತ್ತೆಂಬುದನ್ನು ಇನ್ನೂ ಹೇಳಬಲ್ಲವು. ಅವುಗಳನ್ನು ಹುಳು ತಿನ್ನುವ ಮುನ್ನ ಓದಿ, ಪ್ರತಿ ತೆಗೆದು, ಸೂಚಿಯಲ್ಲಿ ಸೇರಿಸುವ ಕೆಲಸ ಜಿಲ್ಲೆ ಜಿಲ್ಲೆಗಳಲ್ಲಿ ನಡೆಯಬೇಕಾಗಿದೆ.